ಇಬ್ಬರಿಗೂ ಒಂದೇ ಅಳತೆ

ಬೆಳಗ್ಗೆ ಆರು ಗಂಟೆ ನಲವತ್ತು ನಿಮಿಷ. ಗುಲಗಂಜಿ ಅಡುಗೆಮನೆಯ ತೊಟ್ಟಿಯ ಮುಂದೆ ನಿಂತು, ಮೂರು ಲೀಟರಿನ ರಟ್ಟಿನ ಡಬ್ಬಿಯಲ್ಲಿ ಉಳಿದಿದ್ದ ಕೆಂಪು ವೈನನ್ನು ಚರಂಡಿಗೆ ಬಿಡುತ್ತಿದ್ದರು. ನೇರವಾಗಿ ಸುರಿದಿದ್ದರೆ ಒಂದು ನಿಮಿಷದ ಕೆಲಸ. ಆದರೆ ಅವರು ಅದನ್ನು ಗಾಜಿನ ಅಳತೆ ಜಾಡಿಗೆ ಹಿಡಿದು, ಗೆರೆ ನೋಡಿ, ಆಮೇಲೆ ಚೆಲ್ಲುತ್ತಿದ್ದರು. ಐದನೆಯ ಸಲ ಜಾಡಿ ಎತ್ತಿದಾಗ ತಾವೇನು ಮಾಡುತ್ತಿದ್ದೇವೆಂಬುದು ಅರಿವಾಯಿತು. ಕೈ ಮಾತ್ರ ನಿಲ್ಲಲಿಲ್ಲ.

ಚಿನ್ನ ತೂಗುವ ಪುಟ್ಟ ಕಾಳಾದ ಗುಲಗಂಜಿಯ ಹೆಸರನ್ನು ಅವರಿಗಿಟ್ಟವರು ಊರಿನ ಹಾಲಿನವರು ಮತ್ತು ಪೆಟ್ರೋಲ್ ಬಂಕಿನವರು. ಅಳತೆ ಪರೀಕ್ಷಿಸುವ ಕಚೇರಿಯಲ್ಲಿ ಅವರದು ಮೂವತ್ಮೂರು ವರ್ಷಗಳ ದುಡಿಮೆ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಮುದ್ರೆ ಒತ್ತುತ್ತಿರಲಿಲ್ಲ.

"ಒಂದು ತೊಟ್ಟು ಹೆಚ್ಚುಕಮ್ಮಿ ಸಾರ್, ಹೊಟ್ಟೆಗೆ ಹಾಕ್ಕೊಳ್ಳಿ" ಎಂದು ಹಾಲಿನವನು ಗೋಗರೆದರೆ, "ಅಳತೆಗೆ ಹೊಟ್ಟೇನೂ ಇಲ್ಲ, ಮುಖಾನೂ ಇಲ್ಲಪ್ಪ. ಯಾರಿಗೇ ಆಗ್ಲಿ, ಲೀಟರ್ ಅಂದ್ರೆ ಲೀಟರೇ" ಎನ್ನುತ್ತಿದ್ದರು.

ಆರು ವರ್ಷದ ಹಿಂದೆ ಅವರ ರಕ್ತದೊತ್ತಡ ಸ್ವಲ್ಪ ಏರಿತ್ತು. ಅದೇ ವಾರ ಸಹೋದ್ಯೋಗಿಯೊಬ್ಬ ಒಂದು ಆರೋಗ್ಯ ಪುಸ್ತಿಕೆ ಕೊಟ್ಟ. ಊಟದ ಜೊತೆ ದಿನಕ್ಕೊಂದು ಸಣ್ಣ ಲೋಟ ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು, ದುಬಾರಿಯದೇ ಬೇಕೆಂದಿಲ್ಲ ಎಂದು ಅದರಲ್ಲಿತ್ತು. ಮೂರು ಸಲ ಓದಿದರು. ಉಪ್ಪು ಕಡಿಮೆ ಮಾಡಿದರು, ನಡೆಯತೊಡಗಿದರು, ಅಂಗಡಿಯ ಕಪಾಟಿನ ತಳದ ಸಾಲಿನಲ್ಲಿದ್ದ ಅತಿ ಅಗ್ಗದ ಡಬ್ಬಿ ತಂದರು. ನಿಯಮ ಒಬ್ಬರಿಗೆ ಒಳ್ಳೆಯದಾದರೆ ಇನ್ನೊಬ್ಬರಿಗೂ ಒಳ್ಳೆಯದೇ. ಆದ್ದರಿಂದ ಲೋಟ ಎರಡಿಟ್ಟರು.

ಹೆಂಡತಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದ ಯಂತ್ರದಿಂದ ತಲೆಯೆತ್ತಿದಳು. "ನಿಮ್ಮ ಎದೆಗೆ ನೀವು ಕುಡೀರಿ. ಈ ವಯಸ್ಸಲ್ಲಿ ನಾನ್ಯಾಕೆ ಕುಡುಕಿ ಅನ್ನಿಸ್ಕೋಬೇಕು?"

"ನಾನೊಬ್ಬನೇ ನೂರು ವರ್ಷ ಬದುಕಿ ಏನ್ ಮಾಡ್ಲಿ, ನಿನ್ನ ಬೈಗುಳ ಇಲ್ದೆ? ನೂರೈವತ್ತು ಮಿಲಿ ಅಷ್ಟೇ. ಔಷಧ ಅಂದ್ಕೋ."

ಮೊದಲ ಗುಟುಕಿಗೆ ಆಕೆ ಮುಖ ಕಿವುಚಿದಳು. "ಶಾಯಿಗೆ ಹುಳಿ ಹಿಂಡಿದ ಹಾಗಿದೆ ರೀ."

ಅಂದಿನಿಂದ ಸಂಜೆ ಏಳೂವರೆಗೆ ಹೊಲಿಗೆ ಯಂತ್ರ ನಿಲ್ಲುತ್ತಿತ್ತು. ಗುಲಗಂಜಿ ಜಾಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅಳೆಯುತ್ತಿದ್ದರು. ನೀರಾದರೆ ಬಾಗಿದ ಮೇಲ್ಮೈಯ ತಳ ನೋಡಬೇಕು, ಗಾಢ ಬಣ್ಣದ ದ್ರವವಾದರೆ ಮೇಲಂಚು. ಆ ಸೂಕ್ಷ್ಮವನ್ನೂ ಅವರು ಒಂದು ದಿನವೂ ಮರೆತವರಲ್ಲ. ಅವರ ತೂಕ ಎಂಬತ್ತೊಂದು ಕಿಲೋ, ಆಕೆಯದು ನಲವತ್ನಾಲ್ಕು. ಅದೊಂದು ಲೆಕ್ಕ ಅವರ ತಲೆಗೆ ಹೊಳೆಯಲಿಲ್ಲ. ಮಗಳ ಹೆರಿಗೆಯಲ್ಲಿ ಆಕೆಗೆ ಎರಡು ಬಾಟಲಿ ರಕ್ತ ಕೊಟ್ಟಿದ್ದರು. ಅದರೊಡನೆ ಬಂದ ಸೋಂಕು ಮೂವತ್ತು ವರ್ಷ ಯಕೃತ್ತಿನಲ್ಲಿ ಸದ್ದಿಲ್ಲದೆ ಕೂತಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ.

ಕಳೆದ ವರ್ಷ ಆಕೆಯ ತೋಳುಗಳು ಸಣ್ಣಗಾದವು, ಹೊಟ್ಟೆ ದಪ್ಪವಾಯಿತು. ಊರಿನವರ ಸೊಂಟ ಅಳೆಯುವವಳು ತನ್ನದನ್ನೂ ಟೇಪಿನಲ್ಲಿ ಅಳೆದುಕೊಂಡು, ಬಟ್ಟೆಯ ಹೊಲಿಗೆಯನ್ನು ಎರಡು ಸಲ ಬಿಚ್ಚಿ ಅಗಲ ಮಾಡಿಕೊಂಡಳು. ಗಂಡನಿಗೆ ಹೇಳಲಿಲ್ಲ. ಕಣ್ಣು ಹಳದಿಯಾದ ಮೇಲೆ ಮುಚ್ಚಿಡಲು ಆಗಲಿಲ್ಲ.

ಡಬ್ಬಿ ಖಾಲಿ ಮಾಡಿದ ಆ ದಿನ ಎಂಟೂವರೆಗೆ ಗುಲಗಂಜಿ ಆಸ್ಪತ್ರೆ ತಲುಪಿದರು. ಆಕೆ ಮೂರು ದಿಂಬಿಗೆ ಒರಗಿದ್ದಳು.

"ಎಲ್ಲಾ ಚೆಲ್ಲಿಬಿಟ್ಟೆ ಕಣೇ" ಎಂದರು.

"ಪೀಡೆ ತೊಲಗಿತು ಬಿಡಿ."

"ನಿನಗೆ ರುಚಿ ಹತ್ತಿರಲಿಲ್ವಾ?"

"ಒಂದು ದಿನಾನೂ ಇಲ್ಲ."

"ಮತ್ಯಾಕೆ ಕುಡಿದೆ?"

ಆಕೆ ಗೋಡೆಯ ಕಡೆ ನೋಡಿದಳು. "ಕಚೇರಿಯಿಂದ ಬಂದು ನನ್ನ ಎದುರು ಕೂತ್ಕೋತಿದ್ದದ್ದು ಆ ಹೊತ್ತಲ್ಲಿ ಮಾತ್ರ. ಬೇಡ ಅಂದ್ರೆ ಎದ್ದು ಹೋಗ್ತೀರೇನೋ ಅಂತ."

ಅವರು ಹೊದಿಕೆಯ ಅಂಚನ್ನು ಸರಿಮಾಡಿದರು. ಅದು ಸರಿಯಾಗಿಯೇ ಇತ್ತು.

ಒಂಬತ್ತಕ್ಕೆ ಡಾಕ್ಟರು ತಮ್ಮ ಕೋಣೆಗೆ ಕರೆದರು. ಮಗಳ ವಯಸ್ಸಿನ ಹೆಣ್ಣು, ರಾತ್ರಿ ಪಾಳಿ ಮುಗಿಸಿ ಇನ್ನೂ ಮನೆಗೆ ಹೋಗಿರಲಿಲ್ಲ.

"ಬೇರೆ ಲಿವರ್ ಹಾಕೋ ಹಂತ ದಾಟಿದೆ ಸಾರ್. ಆ ಆಪರೇಷನ್ ಅವರ ದೇಹ ತಡೆಯಲ್ಲ. ಇನ್ನು ಕೆಲವು ವಾರ ಇರಬಹುದು. ನೋವಾಗದ ಹಾಗೆ ನೋಡ್ಕೋತೀವಿ."

"ವೈನಿಂದಾನಾ?"

"ಸೋಂಕು ಹಳೇದು. ಅದೊಂದೇ ಸಾಕಾಗಿತ್ತು. ಆದ್ರೆ ಇಂಥ ಲಿವರ್‌ಗೆ ಇಷ್ಟು ಪರವಾಗಿಲ್ಲ ಅನ್ನೋ ಅಳತೆ ಇಲ್ಲ. ವೈನೂ ಕೈ ಜೋಡಿಸಿದೆ."

"ಎಷ್ಟು?"

"ಎಷ್ಟು ಅಂದ್ರೆ?"

"ನೂರಕ್ಕೆ ಎಷ್ಟು ಮೇಡಂ? ಸೋಂಕಿಂದೆಷ್ಟು, ನಂದೆಷ್ಟು?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಹಾಗೆ ಪಾಲು ಮಾಡೋಕೆ ಬರಲ್ಲ ಸಾರ್. ನಿಮಗೆ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ."

"ಅಂದಾಜಾದ್ರೂ ಹೇಳಿ."

ಅಂದಾಜು ಎಂದು ಯಾರಾದರೂ ಬಾಯಿ ತೆರೆದರೆ ಸಿಡುಕುತ್ತಿದ್ದ ಮನುಷ್ಯ ಈಗ ಎರಡೂ ಕೈ ಮೇಜಿನ ಮೇಲಿಟ್ಟು ಅದನ್ನೇ ಬೇಡುತ್ತಿದ್ದರು. ಹತ್ತು ಎಂದಿದ್ದರೆ ಹತ್ತನ್ನು ಹೊರುತ್ತಿದ್ದರು, ತೊಂಬತ್ತು ಎಂದಿದ್ದರೆ ತೊಂಬತ್ತನ್ನು. ಅಳೆಯಲಾಗದ ತಪ್ಪನ್ನು ಎಲ್ಲಿ ಇಳಿಸಬೇಕೆಂದು ಅವರಿಗೆ ತಿಳಿಯಲಿಲ್ಲ.

"ಅವಳು ಕುಡಿದದ್ದರ ಒಟ್ಟು ಲೆಕ್ಕ ಕೊಟ್ರೆ ಹೇಳ್ತೀರಾ?"

ಗುಲಗಂಜಿ ಕಣ್ಣು ಮುಚ್ಚಿದರು. ಆರು ವರ್ಷ, ನಡುವೆ ಅಧಿಕ ದಿನ ಒಂದು: ಎರಡು ಸಾವಿರದ ನೂರ ತೊಂಬತ್ತೊಂದು ಸಂಜೆಗಳು. ಜ್ವರ ಬಂದಾಗ, ಮಗಳ ಮನೆಗೆ ಹೋದಾಗ ಆಕೆ ಕುಡಿಯದೆ ಉಳಿದ ಮೂವತ್ತೊಂದನ್ನು ಕಳೆದು, ಮಿಕ್ಕದ್ದನ್ನು ನೂರೈವತ್ತು ಮಿಲಿಯಿಂದ ಗುಣಿಸಿದರು. ಹೆಂಡತಿ ಹೋದ ಮೇಲೆ ಅವರು ಹನ್ನೊಂದು ವರ್ಷ ಬದುಕಿದರು. ಈ ಲೆಕ್ಕವನ್ನು ಮಗಳ ಮುಂದೆಯೂ ಎತ್ತಲಿಲ್ಲ. ಬಾಯಿಬಿಟ್ಟು ಹೇಳಿದ್ದು ಆ ಬೆಳಗ್ಗೆ, ಆ ಕೋಣೆಯಲ್ಲಿ, ಒಂದೇ ಸಲ:

"ಮುನ್ನೂರ ಇಪ್ಪತ್ನಾಲ್ಕು ಲೀಟರ್."