ಹೇರಾಕಾಜಿ ದಾಯಿಯ ಸುಧಾರಣೆಗಳ ಪಟ್ಟಿ

ನೇಪಾಳದ ಪಾಟನ್ನಿನ ಹೇರಾಕಾಜಿ ನಮಗೆಲ್ಲ ದಾಯಿ, ಅಂದರೆ ಅಣ್ಣ. ವಿಳಾಸ ಬರೆದರೆ ನಕ್ಷೆಯಲ್ಲಿ ಜಾಗ ತೋರಿಸುವ, ಯಾರು ಬೇಕಾದರೂ ಪುಕ್ಕಟೆ ಬಳಸಿ ತಿದ್ದಬಹುದಾದ ತಂತ್ರಾಂಶವೊಂದನ್ನು ನಾವು ಐದಾರು ಮಂದಿ ಸೇರಿ ಕಟ್ಟುತ್ತಿದ್ದೇವೆ. ಅದರಲ್ಲಿ ಮುಂದೆ ಆಗಬೇಕಾದ ಸುಧಾರಣೆಗಳ ಪಟ್ಟಿಯೇ ಅವರ ಜೀವ. ಚಹಾದಂಗಡಿಯಲ್ಲಿ ಯಾರೋ ಫೋನಿನಲ್ಲಿ “ಅರಳಿಮರದ ಹಿಂದೆ, ನೀಲಿ ಗೇಟು” ಎಂದರೆ ಸಾಕು, ತಟ್ಟೆ ಬಿಟ್ಟೆದ್ದು “ಹಿಂದೆ ಅಂದ್ರೆ ಯಾವ ಕಡೆಯಿಂದ ಹಿಂದೆ?” ಎಂದು ವಿಚಾರಿಸಿ ಪಟ್ಟಿಗೆ ಸೇರಿಸುತ್ತಾರೆ. ಕಾಗುಣಿತ ತಪ್ಪಿದರೂ ಊರು ಸಿಗಬೇಕು, ಗಣೇಶನ ಗುಡಿ ಹದಿನಾರಿದ್ದರೂ ಕೇಳಿದವರಿಗೆ ಹತ್ತಿರದ್ದೇ ಮೊದಲು ಬರಬೇಕು, ಹೀಗೆ ಪಟ್ಟಿ ನಾನೂರು ದಾಟಿದೆ. “ತರಕಾರಿಗೆ ಕಳಿಸಿದ್ರೆ ನಾಲ್ಕು ಓಣಿ ಹೆಸರು ತರ್ತಾರೆ, ಕೊತ್ತಂಬರಿ ತರಲ್ಲ” ಎಂದು ಹೆಂಡತಿ ನಾನಿಮಾಯಾ ರೇಗಿದರೆ, “ಓಣಿ ಬಾಡಲ್ಲ ಕಣೆ” ಎನ್ನುತ್ತಾರೆ. ಕಳೆದ ಶನಿವಾರ ನಾನು, “ದಾಯಿ, ಭೂಕಂಪದಲ್ಲಿ ಬಿದ್ದ ಮನೆಗಳ ಹೆಸರು ತೆಗೆದುಬಿಡೋಣ, ಹುಡುಕಾಟ ಬೇಗ ಆಗುತ್ತೆ” ಎಂದೆ. ದಾಯಿ ನಗು ನಿಲ್ಲಿಸಿ ಹೇಳಿದರು: “ಬೇಡ ತಮ್ಮಾ. ಅಮ್ಮನಿಗೆ ಎದೆನೋವು ಬಂದಾಗ ಆಂಬುಲೆನ್ಸಿನವನಿಗೆ ‘ಪುಣ್ಯ ದರ್ಜಿ ಮನೆ ಪಕ್ಕ’ ಅಂದೆ. ಆ ಮನೆ ಬಿದ್ದು ಎರಡು ವರ್ಷ ಆಗಿತ್ತು, ನಮ್ಮ ಬಾಯಲ್ಲಿ ಮಾತ್ರ ನಿಂತಿತ್ತು. ಅವನು ಫೋನಲ್ಲಿ ಹುಡುಕಿದ, ಸಿಗಲಿಲ್ಲ. ಗಾಡಿ ಬರೋ ಹೊತ್ತಿಗೆ ಅಮ್ಮ ಇರಲಿಲ್ಲ.” ಇಲ್ಲದ ಮನೆಯೂ ಸಿಗಬೇಕು ಎಂಬುದನ್ನು ಅಂದೇ ಪಟ್ಟಿಯ ತಲೆಗೇರಿಸಿ, ವಾರವಿಡೀ ಕೂತು ಅದಕ್ಕೆ ಬೇಕಾದ ಕೋಡ್ ಬರೆದೆವು. ನಿನ್ನೆ ದಾಯಿ ತಮ್ಮ ಮನೆಯಲ್ಲೇ ಕೂತು ತಂತ್ರಾಂಶದಲ್ಲಿ ಆ ದರ್ಜಿಯ ಹೆಸರು ಬರೆದರು. ನಕ್ಷೆಯಲ್ಲಿ ಅವರ ಮನೆ ಪಕ್ಕದ ಖಾಲಿ ನಿವೇಶನದ ಮೇಲೆ ಕೆಂಪು ಚುಕ್ಕೆ ಮೂಡಿತು. ಎದ್ದು ನಿಂತು ಅಡುಗೆಮನೆಯ ಕಡೆ ಕೂಗಿದರು: “ನಾನಿಮಾಯಾ, ಬಾ ಇಲ್ಲಿ, ನಮ್ಮನೆ ಸಿಕ್ತು!”