ಗಲ್ಲ ಹಿಡಿದ ಕೈ

ಮಗ್ಗಗಳ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ರೇಡಿಯೋ ಅಕ್ಕ ಎಂದು, ಬಾಯಿಗೆ ಬಿಡುವೇ ಇಲ್ಲವೆಂದು. ತಮಾಷೆಯೆಂದರೆ ಅಲ್ಲಿ ಅವಳ ದನಿ ಕೇಳಿದವರೇ ಇಲ್ಲ. ಅಷ್ಟೊಂದು ಮಗ್ಗ ಒಟ್ಟಿಗೆ ಬಡಿದುಕೊಳ್ಳುವ ಕಡೆ ಕೂಗಿದರೂ ಅಷ್ಟೇ, ಕೂಗದಿದ್ದರೂ ಅಷ್ಟೇ. ಅಲ್ಲಿನವರು ತುಟಿ ನೋಡಿಯೇ ಮಾತಾಡುತ್ತಾರೆ. ಮೇಸ್ತ್ರಿಯನ್ನು ಬೈಯುವುದೂ ಹಾಗೆಯೇ, ಅವನ ಬೆನ್ನ ಹಿಂದೆ, ಆರಾಮಾಗಿ.

ಹಾಗಾಗಿ ಆಟಿಸಂ ಇರುವ ಮಗಳಿಗೆ ಐದು ತುಂಬಿದರೂ ಮಾತು ಬಾರದಿದ್ದಾಗ ಅವಳಿಗೆ ಹೊಳೆದದ್ದು ಒಂದೇ ದಾರಿ. ಗಲ್ಲ ಹಿಡಿದು ಮುಖ ತಿರುಗಿಸಿ, "ನನ್ ಬಾಯಿ ನೋಡು" ಎನ್ನುವುದು. ಮಗಳು ಕಣ್ಣು ಮುಚ್ಚಿಕೊಂಡಷ್ಟೂ ಇವಳ ಹಿಡಿತ ಬಿಗಿಯಾಗುತ್ತಿತ್ತು.

"ಬಿಡೇ, ಅದೇನು ನಿನ್ ಮಗ್ಗದ ಬಟ್ಟೇನಾ, ಎಳ್ದು ಎಳ್ದು ನೋಡೋಕೆ?" ಎಂದು ಅತ್ತೆ ಗದರುತ್ತಿದ್ದರು.

ಮಾತು ಕಲಿಸುವ ಟೀಚರ್ ಕೂಡ ಮೆಲ್ಲಗೆ ಹೇಳಿದ್ದರು. "ಬಾಯಿ ಆಡೋದು, ದನಿ ಬರೋದು, ಎರಡನ್ನೂ ಒಟ್ಟಿಗೆ ಹೊಂದಿಸ್ಕೊಳ್ಳೋದು ಕೆಲವು ಮಕ್ಕಳಿಗೆ ಕಷ್ಟ ಅಮ್ಮಾ. ನಿಮ್ಮ ಮಗಳೂ ಹಾಗೇ ಅನ್ಸುತ್ತೆ. ಬಲವಂತ ಬೇಡ. ಪಕ್ಕದಲ್ಲಿ ಕೂತು, ಅವಳು ನೋಡ್ತಿರೋದನ್ನೇ ನೋಡ್ತಾ ಮಾತಾಡಿ."

ತಲೆಯಾಡಿಸಿ ಬಂದಳು. ಗೋಡೆ ನೋಡಿಕೊಂಡು ಮಾತು ಕಲಿತವರುಂಟೇ ಎಂದು ಒಳಗೊಳಗೇ ನಕ್ಕಳು. ಅತ್ತೆ ಅಂಗಡಿಗೆ ಹೋಗುವುದನ್ನೇ ಕಾದು, ಬಾಗಿಲು ಹಾಕಿಕೊಂಡು ಮತ್ತೆ ಗಲ್ಲ ಹಿಡಿಯುತ್ತಿದ್ದಳು. ಬಾಗಿಲು ಯಾಕೆ ಹಾಕಿದೆ ಎಂದು ತನ್ನನ್ನೇ ಕೇಳಿಕೊಂಡಿದ್ದರೆ ಅಂದೇ ಬುದ್ಧಿ ಬರುತ್ತಿತ್ತು.

ಒಂದು ರಜೆಯ ಮಧ್ಯಾಹ್ನ ಅತ್ತೆ ಬೆನ್ನು ಹಾಕಿ ಪಾತ್ರೆ ತೊಳೆಯುತ್ತಾ, ಎಂದಿನಂತೆ ತಮ್ಮಷ್ಟಕ್ಕೇ ಗೊಣಗುತ್ತಿದ್ದರು. "ನೀರು ಬಂತು, ಅಗೋ ನೀರು ಹೋಯ್ತು." ಹಿಂದೆ ಕೂತು ನೂಲಿನ ಖಾಲಿ ಉರುಳೆ ತಿರುಗಿಸುತ್ತಿದ್ದ ಮಗಳು ಎದ್ದು ಸೀದಾ ಅಮ್ಮನ ಬಳಿ ಬಂದಳು. ಅಮ್ಮನ ಕೈಯನ್ನು ತಾನೇ ಎತ್ತಿ ತನ್ನ ಗಲ್ಲಕ್ಕೆ ಇಟ್ಟುಕೊಂಡಳು. ಬೆರಳುಗಳನ್ನು ಗಟ್ಟಿಯಾಗಿ ಒತ್ತಿಕೊಂಡು ಕಣ್ಣು ಮುಚ್ಚಿದಳು.

"ನೀರು" ಎಂದಳು.

"ಅಯ್ಯೋ, ಮಾತಾಡ್ತು ಕಣೇ ನಮ್ಮ ಪುಟ್ಟಿ!" ಅತ್ತೆ ಒದ್ದೆ ಕೈಯಲ್ಲೇ ಓಡಿ ಬಂದರು. ಬಂದವರು ಆ ಕೈ ನೋಡಿ ನಿಂತರು. "ಇದ್ಯಾಕೆ ಹೀಗೆ ಹಿಡ್ಕೊಂಡಿದಾಳೆ?"

ಇಷ್ಟು ವರ್ಷ ಕಾದಿದ್ದ ಮಾತು ಬಂದಿತ್ತು. ಆದರೆ ಅಮ್ಮನಿಗೆ ತಲೆ ಎತ್ತಲಾಗಲಿಲ್ಲ, ಅಷ್ಟು ನಾಚಿಕೆಯಾಗಿತ್ತು. ಮಾತಾಡಬೇಕಾದರೆ ಗಲ್ಲ ನೋಯಲೇಬೇಕು ಎಂದು ಮಗು ಕಲಿತುಬಿಟ್ಟಿತ್ತು.

ಕೈ ಬಿಡಿಸಿಕೊಂಡು ನೀರು ತಂದುಕೊಟ್ಟಳು. ಎದುರಿಗಲ್ಲ, ಪಕ್ಕದಲ್ಲಿ ಕೂತಳು. ಮಗಳು ಲೋಟ ಬರಿದು ಮಾಡಿದಳು. ಇನ್ನೂ ಬೇಕೆನಿಸಿತೇನೋ, ಮತ್ತೆ ಅಮ್ಮನ ಕೈಗಾಗಿ ತಡಕಾಡಿದಳು.