ಬಿಸಿಲಿಗೆ ಹಾಕಿದ ದ್ರಾಕ್ಷಿ

ನಾನು ತಿಕೋಟಾದಲ್ಲಿ ಒಣದ್ರಾಕ್ಷಿ (ನಮ್ಮ ಕಡೆ ಮಣೂಕ) ವ್ಯಾಪಾರ ಮಾಡುವವನು, ಜೊತೆಗೆ ಕವಿತೆಯ ಚಟ. ಮನೆಯಲ್ಲಿ ಮೊದಲನೆಯದಕ್ಕೆ ಮರ್ಯಾದೆ, ಎರಡನೆಯದಕ್ಕೆ ಬೈಗುಳ. ಹಾಗಾಗಿ ತಿಂಗಳಿಗೊಂದು ಭಾನುವಾರ ವಿಜಯಪುರಕ್ಕೆ ಹೋಗಿ, ಗೋಳಗುಮ್ಮಟದ ಹತ್ತಿರ ಒಂದು ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಬರುತ್ತೇನೆ. ಕವಿತೆಯ ಹುಚ್ಚಿನ ಹತ್ತು ಹನ್ನೆರಡು ಜನ ಸೇರುತ್ತೇವೆ. ಅಲ್ಲಿ ಯಾರೂ ನನಗೆ ದ್ರಾಕ್ಷಿ ದರ ಕೇಳುವುದಿಲ್ಲ.

ನಮಗೆಲ್ಲ ಹಿರಿಯರೆಂದರೆ ಬಬಲೇಶ್ವರದಿಂದ ಬರುವ ನಿವೃತ್ತ ಮಾಸ್ತರರು. ಅವರಿಗೆ ಮಾತು ತೊದಲುತ್ತದೆ. ಅವರದೊಂದು ಕಟ್ಟಳೆ: ಕವಿತೆಯ ಹಾಳೆಯ ಮೇಲೆ ಹೆಸರಿರಬಾರದು, ಬರೆದವರು ಓದಬಾರದು. ಬೇರೆ ಯಾರೋ ಓದುತ್ತಾರೆ, ಮಾಸ್ತರರು ಕಣ್ಣು ಮುಚ್ಚಿ ಕೇಳುತ್ತಾರೆ. ಆಮೇಲೆ "ಈ ಸಾಲು" ಎಂದು ಶುರು ಮಾಡುತ್ತಾರೆ. "ಈ ಕವಿ" ಎಂದು ಅವರು ಶುರು ಮಾಡಿದ್ದನ್ನು ನಾನು ಕೇಳಿಲ್ಲ. ನಾವು ವ್ಯಾಪಾರಿಗಳೂ ಅಷ್ಟೇ, ದ್ರಾಕ್ಷಿಯ ಸ್ಯಾಂಪಲ್ ಬಂದರೆ ತೋಟ ಯಾರದೆಂದು ಕೇಳುವ ಮೊದಲು ಬಾಯಿಗೆ ಹಾಕಿಕೊಳ್ಳುತ್ತೇವೆ.

ಹೋದ ವರ್ಷ ಒಂದು ಭಾನುವಾರ ನನ್ನ ಕವಿತೆಯ ಸರದಿ ಬಂತು. ಅವ್ವನ ಮೇಲೆ ಬರೆದದ್ದು. ಸುಡುಬಿಸಿಲಿನಲ್ಲಿ ಒಣಗುವ ದ್ರಾಕ್ಷಿಯ ಹಾಗೆ ನನ್ನವ್ವ ಎಂದು ಬರೆಯುವಾಗ ನನಗೇ ಕಣ್ಣಲ್ಲಿ ನೀರು ಬಂದಿತ್ತು.

"ಈ ಸಾ... ಸಾಲು ಸುಳ್ಳೈತ್ರಿ" ಎಂದರು ಮಾಸ್ತರರು. "ನಮ್ಮ ಕಡಿ ಮಣೂಕ ಬಿಸಿಲಾಗ ಎಲ್ಲಿ ಒಣಗತಾವ? ಶೆಡ್ಡಿನಾಗ, ಜಾಳಿಗಿ ಮ್ಯಾಲ, ನೆರಳಾಗ ಒಣಗತಾವು. ಈ ಬಿಸಿಲು ಯಾವದೋ ಪುಸ್ತಕದಾಗಿಂದ ಬಂದೈತಿ."

ಎಲ್ಲರೂ ನಕ್ಕರು. ಬರೆದವನು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನನ್ನ ಮುಖವೇ ಹೇಳಿಬಿಟ್ಟಿತು. ಇಪ್ಪತ್ತು ವರ್ಷ ಶೆಡ್ಡು ತಿರುಗಿದ ನಾನೇ ದ್ರಾಕ್ಷಿಯನ್ನು ಬಿಸಿಲಿಗೆ ಹಾಕಿದ್ದೆ! ಮಾತು ನಿಜವಿತ್ತು, ಅದಕ್ಕೇ ಅಷ್ಟು ಉರಿಯಿತು.

ಊರಿಗೆ ಬಂದವನೇ ನಮ್ಮ ಕವಿತೆಯ ವಾಟ್ಸಾಪ್ ಗುಂಪಿನಲ್ಲಿ ಮೂರು ಸಾಲು ಹಾಕಿದೆ: ಮಾಸ್ತರರು ಸ್ವತಃ ಒಂದು ಕವಿತೆಯನ್ನೂ ಬರೆದಿಲ್ಲ. ಅವ್ವನ ದುಃಖಕ್ಕೆ ಬಿಸಿಲು ನೆರಳಿನ ತನಿಖೆ ಬೇಕಿಲ್ಲ. ತಮ್ಮ ನಾಲಗೆಯೇ ನೆಟ್ಟಗೆ ಹೊರಳದವರು ನಮ್ಮ ಸಾಲು ನೆಟ್ಟಗೆ ಮಾಡಲು ಹೊರಟಿದ್ದಾರೆ. ಇಬ್ಬರು ನಗುವ ಮುಖ ಹಾಕಿದರು, ನಾನು ಗೆದ್ದೆ ಎಂದುಕೊಂಡೆ. ಬುದ್ಧಿ ಬರಲು ಮೂರು ದಿನ ಬೇಕಾಯಿತು. ಅಷ್ಟೊತ್ತಿಗೆ ಅಳಿಸಲು ಬರುತ್ತಿರಲಿಲ್ಲ.

ಮುಂದಿನ ಸಭೆಗೆ ಹೆದರುತ್ತಲೇ ಹೋದೆ. ಆ ಕೋಣೆ ಕೈಬಿಟ್ಟರೆ ಕವಿತೆ ತೆಗೆದುಕೊಂಡು ಹೋಗಲು ನನಗೆ ಬೇರೆ ಜಾಗವಿರಲಿಲ್ಲ.

ಮಾಸ್ತರರು ಜೇಬಿನಿಂದ ಒಂದು ಹಾಳೆ ತೆಗೆದರು. ನನ್ನ ಮೂರೂ ಸಾಲನ್ನು ಕೈಯಿಂದ ಬರೆದುಕೊಂಡಿದ್ದರು, ಮೇಲೆ ನನ್ನ ಹೆಸರಿರಲಿಲ್ಲ. ಅವತ್ತು ಬೇರೆಯವರಿಗೆ ಕೊಡದೆ, ತೊದಲುತ್ತ ತಾವೇ ಓದಿದರು.

"ಮೊದಲನೇ ಸಾಲು ಖ... ಖರೇ ಐತಿ. ನಾ ಒಂದೂ ಕವಿತಾ ಬರದಿಲ್ಲ. ಎರಡನೇದು ವಿಚಾರ ಮಾಡೂವಂಥಾದ್ದು. ಆದ್ರ ನೆರಳಾಗ ಒಣಗಿದ ಅವ್ವನ ದುಃಖ ಇನ್ನಷ್ಟು ದೊಡ್ಡದು ಅಂತ ನನಗ ಅನಸ್ತೈತ್ರಿ. ಮೂರನೇದು ಕವಿತಾದ ಮ್ಯಾಲಿಲ್ಲ. ಅದಕ್ಕ ನಾ ಏನೂ ಹೇಳಂಗಿಲ್ಲ."

ಹಾಳೆ ಮಡಚಿಟ್ಟು ಮುಂದಿನ ಕವಿತೆ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಓದಿಕೊಂಡ ಬಹಳ ಜನರನ್ನು ನೋಡಿದ್ದೇನೆ, ಇಷ್ಟು ದೊಡ್ಡ ಮನಸ್ಸನ್ನು ನೋಡಿರಲಿಲ್ಲ.

ಸಭೆ ಮುಗಿದ ಮೇಲೆ ಮೆಟ್ಟಿಲಲ್ಲಿ ಅವರನ್ನು ತಡೆದೆ. "ತಪ್ಪಾತ್ರಿ ಸರ."

"ಯಾವ ಸಾ... ಸಾಲಿನ್ಯಾಗ್ರಿ?"

ಅಣಕವಲ್ಲ, ನಿಜವಾಗಿಯೂ ಕೇಳಿದ್ದರು. ಬರೆಯುವಾಗ ಸರಾಗ ಬಂದಿದ್ದ ಸಾಲು ಅವರ ಮುಖ ನೋಡಿ ಹೇಳಹೋದರೆ ಹೊರಡಲೇ ಇಲ್ಲ. "ನಾ... ನಾಲಿಗಿ..." ಎಂದು ನಿಂತೆ. ಮಾಸ್ತರರು ನನ್ನ ಮಾತನ್ನು ತಾವು ಪೂರ್ತಿ ಮಾಡಲಿಲ್ಲ. ಬಬಲೇಶ್ವರದ ಬಸ್ಸಿಗೆ ಹೊತ್ತಾಗಿದ್ದರೂ ಮೆಟ್ಟಿಲ ಮೇಲೆ ಕೂತು, ನಾನು ಹೇಳಿ ಮುಗಿಸುವವರೆಗೆ ಕಾದರು.